ಆಸ್ಟರ್ ನಮ್ಮ ಮನೆಗೆ ಆಗಿಬರುವುದಿಲ್ಲವೇ?

ಪ್ರಶ್ನೆ: ನಾನು ತುಮಕೂರಿನಲ್ಲಿರುವ ನಿವೃತ್ತ ಶಿಕ್ಷಕ. ಮೂರು ವರ್ಷಗಳ ಹಿಂದೆ ಜನವರಿಯಲ್ಲಿ ಹೂ ಬಿಟ್ಟಿದ್ದ ನಾಲ್ಕು ಆಸ್ಟರ್ ಕುಂಡಗಳನ್ನು ನರ್ಸರಿಯಿಂದ ತಂದೆವು. ಒಂದು ಗಿಡ ಬಂದ ವಾರದಲ್ಲೇ ಬಾಡಿತು, ಉಳಿದವು ಚೆನ್ನಾಗಿ ಹೂ ಬಿಟ್ಟವು. ಅವುಗಳ ಬೀಜವನ್ನು ಕವರಿನಲ್ಲಿಟ್ಟು ಮರುವರ್ಷ ಜೂನ್‌ನಲ್ಲಿ ಬಿತ್ತಿದೆ; ಒಂದೂ ಮೊಳೆಯಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಂಗಡಿಯಿಂದ ಪೊಟ್ಟಣ ತಂದು, ಹಳೆಯ ಕುಂಡದ ಮಣ್ಣನ್ನೇ ಟ್ರೇಗೆ ತುಂಬಿ ಬಿತ್ತಿದೆ. ಹುಲ್ಲಿನ ಹಾಗೆ ಮೊಳೆತವು. ಐದಾರು ದಿನಗಳಲ್ಲಿ ಬುಡ ಮುರಿದಂತೆ ಮಲಗಿಬಿಟ್ಟವು. ಕಳೆದ ವರ್ಷ ತೆಂಗಿನ ನಾರಿನ ಪುಡಿಯಲ್ಲಿ ಸಸಿ ಮಾಡಿ ಅದೇ ಕುಂಡಗಳಿಗೆ ನೆಟ್ಟೆ. ಮೊಗ್ಗು ಮೂಡುವವರೆಗೂ ಸೊಗಸಾಗಿದ್ದ ಗಿಡಗಳು ಆಮೇಲೆ ಒಂದೊಂದಾಗಿ ಬಾಡಿ ಸತ್ತವು. ಮಿಕ್ಕಿದ್ದ ಎರಡು ಸಸಿಗಳನ್ನು ಕಾಂಪೌಂಡಿನ ಪಕ್ಕ ನೆಲಕ್ಕೆ ಊರಿದ್ದೆ, ಅವು ಮಾತ್ರ ಹೂ ಬಿಟ್ಟವು. ಆಸ್ಟರ್ ನಮ್ಮ ಮನೆಗೆ ಆಗಿಬರುವುದಿಲ್ಲ ಎಂದು ನನ್ನ ಮನೆಯವರು ತೀರ್ಪು ಕೊಟ್ಟಿದ್ದಾರೆ. ದಸರೆಗೆ ಮನೆಯದೇ ಬಿಳಿ ಆಸ್ಟರ್ ಬೇಕೆಂಬ ಆಸೆಯೂ ಅವರದೇ. ಯಾವ ಗೊಬ್ಬರ ಕೊಡಬೇಕು?

ಉತ್ತರ: ಮೇಷ್ಟ್ರೇ, ಗೊಬ್ಬರದ ಮಾತು ಕೊನೆಗಿರಲಿ. ನಿಮ್ಮ ಪತ್ರದಲ್ಲಿ ನೀವು ಹೋಗುತ್ತಾ ಹೋಗುತ್ತಾ ಸೇರಿಸಿದ ಒಂದು ವಾಕ್ಯವಿದೆಯಲ್ಲ, ಕಾಂಪೌಂಡಿನ ಪಕ್ಕ ಊರಿದ ಎರಡು ಸಸಿಗಳ ವಿಷಯ, ಉತ್ತರ ಅಲ್ಲೇ ಇದೆ. ಅದೇ ಬೀಜ, ಅದೇ ಸಸಿ, ಅದೇ ಬಿಸಿಲು, ಅದೇ ಕೈ. ಬೇರೆಯಾಗಿದ್ದದ್ದು ಮಣ್ಣೊಂದೇ. ನಿಮ್ಮ ಮನೆಗೆ ಆಸ್ಟರ್ ಆಗಿಬರುತ್ತದೆ. ಆ ನಾಲ್ಕು ಕುಂಡಗಳಿಗೆ ಮಾತ್ರ ಆಗಿಬರುವುದಿಲ್ಲ. ನಿಮ್ಮ ಮನೆಯವರ ತೀರ್ಪು ಮುಕ್ಕಾಲು ಪಾಲು ಸರಿ ಎಂದು ಅವರಿಗೆ ತಿಳಿಸಿ.

ಮೂರು ಸೋಲುಗಳನ್ನು ನೀವು ಬೇರೆ ಬೇರೆಯಾಗಿ ಬರೆದಿದ್ದೀರಿ. ನನಗೆ ಅವು ಒಂದೇ ಕಥೆಯ ಮೂರು ಅಧ್ಯಾಯಗಳಂತೆ ಕಾಣುತ್ತವೆ. ಆಸ್ಟರ್ ಹಳೆಯದನ್ನು ಸಹಿಸುವ ಗಿಡವಲ್ಲ. ಹಳೆಯ ಬೀಜ ಮೊಳೆಯುವುದಿಲ್ಲ, ಹಳೆಯ ಮಣ್ಣಿನಲ್ಲಿ ಬದುಕುವುದಿಲ್ಲ, ಹೂ ಮುಗಿದ ಹಳೆಯ ಗಿಡ ಇನ್ನೊಮ್ಮೆ ಚಿಗುರಿ ಹೂ ಬಿಡುವುದೂ ಇಲ್ಲ. ಕಾಶಿತುಂಬೆ, ಚೆಂಡು ಹೂಗಳ ಜೊತೆ ಬೆಳೆದ ನಮಗೆ ಇದು ವಿಚಿತ್ರವೆನಿಸುತ್ತದೆ. ಅವು ಉದುರಿದ ಕಡೆ ಹುಟ್ಟಿ, ಹುಟ್ಟಿದ ಕಡೆ ಬೆಳೆದು, ಯಾರನ್ನೂ ಕೇಳದೆ ಹೂ ಬಿಡುವ ಜಾತಿ. ಆಸ್ಟರ್‌ಗೆ ಪ್ರತಿ ಸಲವೂ ಹೊಸದಾಗಿ ಮನೆ ಹೂಡಿಕೊಡಬೇಕು.

ಮೊದಲು ಬೀಜ. ನೀವು ಮಾರ್ಚ್ ಸುಮಾರಿಗೆ ತೆಗೆದ ಬೀಜವನ್ನು ಮರುವರ್ಷ ಜೂನ್‌ನಲ್ಲಿ ಬಿತ್ತಿದ್ದೀರಿ, ಅಂದರೆ ಹದಿನೈದು ತಿಂಗಳು. ಅದರ ನಡುವೆ ಒಂದು ಪೂರ್ತಿ ಮಳೆಗಾಲವೂ ಎರಡು ಬೇಸಿಗೆಗಳೂ ಬಂದುಹೋದವು. ಆಸ್ಟರ್ ಬೀಜ ಮನೆಯ ಕಪಾಟಿನ ಶಾಖ ಮತ್ತು ತೇವದಲ್ಲಿ ಬಹಳ ಬೇಗ ಸತ್ವ ಕಳೆದುಕೊಳ್ಳುತ್ತದೆ. ಒಂದು ವರ್ಷ ದಾಟಿದ ಬೀಜವನ್ನು ನಾನು ನಂಬುವುದೇ ಇಲ್ಲ. ನೋಡಲು ಹೊಸದರಂತೆಯೇ ಇರುತ್ತದೆ, ಬೂದು ಮಿಶ್ರಿತ ಕಂದು ಬಣ್ಣದ ಸಣ್ಣ ಬೆಣೆಯಂತೆ. ಒಳಗೆ ಮಾತ್ರ ಜೀವ ಇರುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಪೊಟ್ಟಣದ ಮೇಲಿನ ಹೂವಿನ ಚಿತ್ರ ನೋಡುವ ಮೊದಲು ಹಿಂಬದಿಯ ತಾರೀಖು ನೋಡಿ. ಪರೀಕ್ಷೆ ಮಾಡಿದ ದಿನ, ಎಲ್ಲಿಯವರೆಗೆ ಬಳಸಬಹುದೆಂಬ ದಿನ ಎರಡೂ ಅಲ್ಲಿ ಇರಬೇಕು. ಬಿಸಿಲು ಬೀಳುವ ಗಾಜಿನ ಪೆಟ್ಟಿಗೆಯಲ್ಲಿ ನೇತುಹಾಕಿದ ಪೊಟ್ಟಣವಾದರೆ ತಾರೀಖು ಸರಿಯಿದ್ದರೂ ಬೇಡ.

ತಂದ ಮೇಲೂ ಒಂದು ಪರೀಕ್ಷೆ ಮಾಡಿ. ಒದ್ದೆ ಮಾಡಿ ಹಿಂಡಿದ ಹತ್ತಿಬಟ್ಟೆಯ ಮೇಲೆ 20 ಬೀಜಗಳನ್ನು ಹರಡಿ, ಬಟ್ಟೆ ಮಡಚಿ, ತಟ್ಟೆಯಲ್ಲಿಟ್ಟು ಮುಚ್ಚಿ, ಬಿಸಿಲು ಬೀಳದ ಕಡೆ ಇಡಿ. ಬಟ್ಟೆ ಒಣಗದಂತೆ ನೋಡಿಕೊಳ್ಳಿ. ಹತ್ತನೆಯ ದಿನ ಎಣಿಸಿ. ಹನ್ನೆರಡಕ್ಕಿಂತ ಹೆಚ್ಚು ಮೊಳೆತಿದ್ದರೆ ಸಂತೋಷದಿಂದ ಬಿತ್ತಿ. ಆರೇಳು ಮೊಳೆತಿದ್ದರೆ ಎರಡರಷ್ಟು ಬಿತ್ತಿ. ಎರಡೋ ಮೂರೋ ಆದರೆ ಆ ಪೊಟ್ಟಣವನ್ನು ಮರೆತುಬಿಡಿ. ಮಕ್ಕಳಿಗೆ ಜೀವಮಾನವಿಡೀ ಪರೀಕ್ಷೆ ಮಾಡಿದ ನಿಮಗೆ ಇದು ಕಷ್ಟವಾಗಲಾರದು.

ತಳಿಯ ವಿಷಯದಲ್ಲಿ ನೀವು ಪುಣ್ಯವಂತರು, ಏಕೆಂದರೆ ನಮ್ಮ ಹವೆಗೆ ಹೊಂದುವ ಒಳ್ಳೆಯ ತಳಿಗಳು ನಿಮ್ಮ ಪಕ್ಕದಲ್ಲೇ, ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲೇ ಹುಟ್ಟಿವೆ. ಕಾಮಿನಿ ಗಾಢ ಗುಲಾಬಿ, ಪೂರ್ಣಿಮಾ ಬಿಳಿ, ಶಶಾಂಕ್ ಕೆನೆಬಿಳಿ, ವಯಲೆಟ್ ಕುಶನ್ ಹೆಸರೇ ಹೇಳುವಂತೆ ನೇರಳೆ. ಆಮೇಲೆ ಅರ್ಕಾ ಎಂಬ ಹೆಸರಿನಿಂದ ಆರಂಭವಾಗುವ ತಳಿಗಳೂ ಬಂದಿವೆ. ಅವುಗಳಲ್ಲಿ ಅರ್ಕಾ ಅರ್ಚನಾ ಬಿಳಿಯದು. ನಿಮ್ಮ ಮನೆಯವರಿಗೆ ಪೂರ್ಣಿಮಾ ಸಾಕು ಎಂಬುದು ನನ್ನ ಎಣಿಕೆ. ದೊಡ್ಡ ಹೂವಿನ ಬಣ್ಣಬಣ್ಣದ ಮಿಶ್ರಣವಿರುವ ಹೊರದೇಶದ ಪೊಟ್ಟಣಗಳು ಕಣ್ಣಿಗೆ ಹಬ್ಬ; ಆದರೆ ಅವುಗಳಲ್ಲಿ ಬಿಳಿ ಎಷ್ಟು ಬರುತ್ತದೆಂದು ಯಾರೂ ಹೇಳಲಾರರು.

ಇಲ್ಲೇ ಒಂದು ಗೊಂದಲವನ್ನೂ ಬಗೆಹರಿಸಿಬಿಡುತ್ತೇನೆ. ‘ನಮ್ಮ ಪಕ್ಕದ ಮನೆಯ ಆಸ್ಟರ್ ಒಮ್ಮೆ ನೆಟ್ಟದ್ದು ವರ್ಷ ವರ್ಷವೂ ಹೂ ಬಿಡುತ್ತದೆ, ನಮ್ಮದೇಕೆ ಬಿಡುವುದಿಲ್ಲ’ ಎಂದು ಹಲವರು ಕೇಳುತ್ತಾರೆ. ಪಕ್ಕದ ಮನೆಯದು ಬೇರೆ ಗಿಡ. ಅದು ಬುಡದಲ್ಲಿ ಮರಿ ಒಡೆದು ಹಬ್ಬುವ, ಸಣ್ಣ ಸಣ್ಣ ನೀಲಿ ಅಥವಾ ಬಿಳಿ ಹೂಗಳ ಬಹುವಾರ್ಷಿಕ ಆಸ್ಟರ್. ನಾವು ಮಾರುಕಟ್ಟೆಯಲ್ಲಿ ತೂಕದ ಲೆಕ್ಕದಲ್ಲಿ ಕೊಳ್ಳುವುದು ಚೀನಾ ಆಸ್ಟರ್, ಶಾಸ್ತ್ರೀಯ ಹೆಸರು ಕ್ಯಾಲಿಸ್ಟೆಫಸ್ ಚೈನೆನ್ಸಿಸ್. ಗ್ರೀಕಿನಲ್ಲಿ ‘ಅತಿ ಸುಂದರ ಕಿರೀಟ’ ಎಂಬರ್ಥ ಬರುವ ಈ ಕುಲದಲ್ಲಿ ಇರುವುದು ಇದೊಂದೇ ಪ್ರಭೇದ. ಹದಿನೆಂಟನೆಯ ಶತಮಾನದಲ್ಲಿ ಚೀನಾದಿಂದ ಬೀಜ ಪ್ಯಾರಿಸ್ ತಲುಪಿದಾಗ ಅದು ಒಂದೇ ಸುತ್ತಿನ ದಳವಿದ್ದ ಸಾದಾ ಹೂವು. ಇಂದಿನ ಕಿಕ್ಕಿರಿದ ದಳಗಳೆಲ್ಲ ಆಮೇಲೆ ಅಲ್ಲಿನ ತೋಟಗಾರರು ಆಯ್ದು ಆಯ್ದು ಬೆಳೆಸಿದ್ದು. ಗಿಡಕ್ಕೆ ಒಂದೇ ಜನ್ಮ, ಒಂದೇ ಹೂಗಾಲ.

ಇನ್ನು ಎರಡನೆಯ ಸೋಲು, ಮಲಗಿದ ಸಸಿಗಳು. ಇದಕ್ಕೆ ಸಸಿ ಸಾಯುವ ರೋಗ ಎನ್ನುತ್ತಾರೆ. ಮಣ್ಣಿನ ಮಟ್ಟದಲ್ಲಿ ಕಾಂಡ ನೀರು ಕುಡಿದಂತಾಗಿ, ದಾರದ ಹಾಗೆ ಸಣ್ಣಗಾಗಿ, ಮೇಲಿನ ಎಲೆ ಹಸಿರಾಗಿರುವಾಗಲೇ ಸಸಿ ಉರುಳುತ್ತದೆ. ಹಳೆಯ ಮಣ್ಣಿನಲ್ಲಿದ್ದ ಶಿಲೀಂಧ್ರ ಇದಕ್ಕೆ ಕಾರಣ. ಆದರೆ ಅದಕ್ಕೆ ಬಾಗಿಲು ತೆರೆದವರು ನೀವು. ಹುಲ್ಲಿನ ಹಾಗೆ ಮೊಳೆತವು ಎಂದಿದ್ದೀರಿ. ಒಂದು ಗ್ರಾಂನಲ್ಲಿ ಸುಮಾರು ನಾನೂರು ಬೀಜಗಳಿರುತ್ತವೆ. ಇಡೀ ಪೊಟ್ಟಣವನ್ನು ಒಂದೇ ಟ್ರೇಗೆ ಸುರಿದರೆ ಸಸಿಗಳ ನಡುವೆ ಗಾಳಿ ಆಡುವುದಾದರೂ ಹೇಗೆ? ನಿಮ್ಮ ಮನೆಗೆ ಬೇಕಾದದ್ದು ಹೆಚ್ಚೆಂದರೆ ಮೂವತ್ತು ಗಿಡ. ಅರವತ್ತು ಬೀಜ ಬಿತ್ತಿದರೆ ಧಾರಾಳವಾಯಿತು.

ಬಿತ್ತುವ ಬಗೆ ಹೀಗೆ. ಚೆನ್ನಾಗಿ ತೊಳೆದು ಉಪ್ಪಿನಂಶ ತೆಗೆದ ತೆಂಗಿನ ನಾರಿನ ಪುಡಿ ಎರಡು ಪಾಲು, ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು ಬೆರೆಸಿ. ಹಳೆಯ ಕುಂಡದ ಮಣ್ಣು ಒಂದು ಹಿಡಿಯೂ ಬೇಡ. ಸಾಲು ಸಾಲು ಗುಳಿಗಳಿರುವ ಸಸಿ ತಟ್ಟೆ, ಅಂದರೆ ಪ್ರೋಟ್ರೇ ಇದ್ದರೆ ಒಂದೊಂದು ಗುಳಿಗೂ ಎರಡು ಬೀಜ, ಇಲ್ಲವೇ ಅಗಲ ಬಾಯಿಯ ಯಾವುದಾದರೂ ಡಬ್ಬಿಗೆ ಅಡಿಯಲ್ಲಿ ತೂತು ಕೊರೆದು, ಎರಡು ಬೆರಳಗಲದ ಸಾಲುಗಳಲ್ಲಿ ಬಿಡಿಬಿಡಿಯಾಗಿ ಬಿತ್ತಿ. ಮೇಲೆ ಮುಚ್ಚುವ ಪುಡಿ ಬೀಜ ಕಾಣದಷ್ಟಿದ್ದರೆ ಸಾಕು. ಮೊಳೆಯುವವರೆಗೆ ಮೇಲೆ ಹಳೆಯ ವೃತ್ತಪತ್ರಿಕೆ ಹೊದಿಸಬಹುದು. ಮೊದಲ ಮೊಳಕೆ ಕಂಡ ದಿನವೇ ಅದನ್ನು ತೆಗೆಯಬೇಕು. ನಾಳೆ ತೆಗೆದರಾಯಿತು ಎಂದುಕೊಂಡವರ ಸಸಿಗಳು ದಾರದಂತೆ ಉದ್ದವಾಗಿ ಬಾಗುತ್ತವೆ. ನಮ್ಮ ಜೂನ್ ತಿಂಗಳ ಹವೆಯಲ್ಲಿ ಎಂಟರಿಂದ ಹತ್ತು ದಿನಗಳಲ್ಲಿ ಮೊಳಕೆ ಮೇಲೆ ಬರುತ್ತದೆ.

ನೀರನ್ನು ಬೆಳಿಗ್ಗೆಯೇ ಕೊಡಿ, ಸಂಜೆ ಬೇಡ. ಡಬ್ಬಿಯನ್ನು ನೀರಿರುವ ತಟ್ಟೆಯಲ್ಲಿ ಹತ್ತು ನಿಮಿಷ ಇಟ್ಟು ಕೆಳಗಿನಿಂದ ಕುಡಿಸಿದರೆ ಇನ್ನೂ ಒಳ್ಳೆಯದು. ಬೆಳಗಿನ ಬಿಸಿಲು ಬೀಳುವ, ಮಳೆಯ ಹನಿ ನೇರವಾಗಿ ಹೊಡೆಯದ ಜಗುಲಿ ಅಥವಾ ಕಿಟಕಿ ಕಟ್ಟೆ ಸರಿಯಾದ ಜಾಗ. ಮೊಳಕೆಯ ಜೊತೆ ಬರುವ ಎರಡು ಬೀಜದಳಗಳನ್ನು ಬಿಟ್ಟು ಮೂರ್ನಾಲ್ಕು ನಿಜವಾದ ಎಲೆಗಳು ಬಂದಾಗ, ಅಂದರೆ ಬಿತ್ತಿ ನಾಲ್ಕು ವಾರಗಳಾದಾಗ, ನಾಟಿಗೆ ಸಿದ್ಧ. ಆರು ವಾರ ಟ್ರೇಯಲ್ಲೇ ಬಿಟ್ಟರೆ ಬೇರು ಸುತ್ತಿಕೊಂಡು ಗಿಡ ಕುಳ್ಳಗೆ ಉಳಿದು ಅಲ್ಲೇ ಮೊಗ್ಗು ಕಟ್ಟಲು ಹವಣಿಸುತ್ತದೆ.

ಈಗ ಮೂರನೆಯದಕ್ಕೆ ಬರೋಣ, ನಿಜವಾದ ಕಳ್ಳ ಇಲ್ಲಿದ್ದಾನೆ. ಮೂರು ವರ್ಷಗಳ ಹಿಂದೆ ತಂದ ನಾಲ್ಕು ಕುಂಡಗಳಲ್ಲಿ ಒಂದು ಗಿಡ ವಾರದೊಳಗೆ ಬಾಡಿತಲ್ಲ, ಅದು ಬಾಯಾರಿಕೆಯಿಂದ ಸತ್ತದ್ದಲ್ಲ ಎಂಬುದು ನನ್ನ ಗುಮಾನಿ. ಆಸ್ಟರ್‌ಗೆ ಸೊರಗು ರೋಗ ತರುವ ಫ್ಯುಸೇರಿಯಂ ಎಂಬ ಶಿಲೀಂಧ್ರವಿದೆ. ಅದು ಬೇರಿನಿಂದ ಒಳಹೊಕ್ಕು, ನೀರು ಮೇಲೇರುವ ನಾಳಗಳನ್ನೇ ಕಟ್ಟಿಬಿಡುತ್ತದೆ. ಕೆಳಗಿನ ಎಲೆಗಳು, ಎಷ್ಟೋ ಸಲ ಗಿಡದ ಒಂದೇ ಮಗ್ಗುಲಿನವು, ಮೊದಲು ಹಳದಿಯಾಗುತ್ತವೆ. ಗಿಡ ಮಧ್ಯಾಹ್ನ ಬಾಡುತ್ತದೆ, ಸಂಜೆಗೆ ಚೇತರಿಸಿಕೊಂಡಂತೆ ಕಾಣುತ್ತದೆ. ನಾವು ನೀರು ಸಾಲದೆಂದು ಇನ್ನೂ ಒಂದು ಚೊಂಬು ಸುರಿಯುತ್ತೇವೆ. ಮೂರನೆಯ ದಿನ ಅದು ಏಳುವುದೇ ಇಲ್ಲ. ಸತ್ತ ಗಿಡದ ಕಾಂಡವನ್ನು ಬುಡದ ಬಳಿ ಉದ್ದುದ್ದ ಸೀಳಿ ನೋಡಿದರೆ ಸಿಪ್ಪೆಯ ಒಳಗೆ ಕಂದು ಗೆರೆಗಳು ಕಾಣುತ್ತವೆ. ಬಾಯಾರಿ ಸತ್ತ ಗಿಡದಲ್ಲಿ ಆ ಗೆರೆಗಳಿರುವುದಿಲ್ಲ. ಮೊಗ್ಗು ಬರುವ ಹೊತ್ತಿಗೇ ಸಾಯುವುದೇಕೆ ಎಂದರೆ, ಎಲೆ ಹೆಚ್ಚಿ ಮೊಗ್ಗು ತುಂಬುವ ಆ ಕಾಲದಲ್ಲಿ ಗಿಡಕ್ಕೆ ನೀರು ಅತಿ ಹೆಚ್ಚು ಬೇಕು, ನಾಳ ಕಟ್ಟಿರುವುದು ಆಗಲೇ ಬಯಲಾಗುತ್ತದೆ.

ಈ ಶಿಲೀಂಧ್ರ ಗಿಡ ಸತ್ತ ಮೇಲೂ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕೂರುತ್ತದೆ. ನೀವು ಪ್ರತಿ ಸಲವೂ ಅದರ ಬಾಯಿಗೆ ತುತ್ತು ಹಾಕುತ್ತಿದ್ದಿರಿ.

ನಿಮ್ಮನ್ನು ಹೀಗೆ ಅನ್ನುವ ಅಧಿಕಾರ ನನಗೆ ಬಂದದ್ದು ನಾನೂ ಅದೇ ತಪ್ಪು ಮಾಡಿದ್ದರಿಂದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಚೇರಿಯ ಮುಂದಿನ ಪಾತಿಯಲ್ಲಿ ಆಸ್ಟರ್ ಹಾಕಿಸಿದ್ದೆ. ಮೊದಲ ವರ್ಷ ನೋಡಲು ಎರಡು ಕಣ್ಣು ಸಾಲದು. ಮರುವರ್ಷ ಅಲ್ಲೇ ಮತ್ತೆ ಹಾಕಿಸಿದೆ. ಮೊಗ್ಗಿನ ಹೊತ್ತಿಗೆ ಸಾಲಿಗೆ ಸಾಲೇ ಮಲಗಿತು. ನೀರು ಸರಿಯಾಗಿ ಬಿಟ್ಟಿಲ್ಲವೆಂದು ಅಲ್ಲಿನ ಹಿರಿಯ ಮಾಲಿಯ ಮೇಲೆ ರೇಗಿದೆ. ಆತ ತಾಳ್ಮೆಯಿಂದ ಕೇಳಿಸಿಕೊಂಡು, ‘ಸ್ವಾಮಿ, ಈ ಹೂವು ಹೋದ ವರ್ಷದ ಜಾಗದಲ್ಲಿ ನಿಲ್ಲುವುದಿಲ್ಲ, ಹೇಳಿದರೆ ನೀವು ಕೇಳುತ್ತೀರೋ ಇಲ್ಲವೋ ಎಂದು ಸುಮ್ಮನಿದ್ದೆ’ ಎಂದ. ನಾನು ಪದವಿ ಓದಿದವನು. ನಾಚಿಕೆಯಾಯಿತು. ಬಯಲುಸೀಮೆಯ ಹೂ ಬೆಳೆಗಾರರನ್ನು ಕೇಳಿ ನೋಡಿ, ಆಸ್ಟರ್ ಕಿತ್ತ ಹೊಲಕ್ಕೆ ಅವರೂ ರಾಗಿಯನ್ನೋ ಇನ್ನೇನನ್ನೋ ಹಾಕಿ ಬೆಳೆ ತಿರುಗಿಸುತ್ತಾರೆ.

ಇದಕ್ಕೆ ಔಷಧ ಕೇಳಬೇಡಿ. ಬಾಡಿದ ಗಿಡವನ್ನು ಉಳಿಸುವ ಸಿಂಪಡಣೆ ಯಾವುದೂ ಇಲ್ಲ. ಬೇರು ಸಮೇತ ಕಿತ್ತು ಸುಡಬೇಕು; ಕಾಂಪೋಸ್ಟ್ ಗುಂಡಿಗೆ ಹಾಕಿದರೆ ರೋಗವನ್ನು ನೀವೇ ಗೊಬ್ಬರದ ಜೊತೆ ಮನೆಯೆಲ್ಲ ಹಂಚಿದಂತೆ. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿಯನ್ನು ಹಳೆಯ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ತೇವ ಮಾಡಿ, ನೆರಳಿನಲ್ಲಿ ಹತ್ತು ಹದಿನೈದು ದಿನ ಇಟ್ಟು ಹೊಸ ಮಣ್ಣಿಗೆ ಸೇರಿಸಿದರೆ ಬೇರಿಗೆ ಒಂದಿಷ್ಟು ಕಾವಲು ಸಿಗುತ್ತದೆ. ಅದು ಕಾವಲು ಮಾತ್ರ. ಆಗಲೇ ರೋಗ ಹೊಕ್ಕ ಕುಂಡವನ್ನು ಅದು ಶುದ್ಧ ಮಾಡುತ್ತದೆಂದು ನಂಬಬೇಡಿ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಮಣ್ಣನ್ನು ನೆನೆಸಿ, ಬಣ್ಣವಿಲ್ಲದ ಪ್ಲಾಸ್ಟಿಕ್ ಹಾಳೆಯನ್ನು ಗಾಳಿಯಾಡದಂತೆ ಹೊದಿಸಿ ನಾಲ್ಕರಿಂದ ಆರು ವಾರ ಬಿಟ್ಟರೆ ರೋಗದ ಹೊರೆ ತಗ್ಗುತ್ತದೆ. ಈ ವರ್ಷಕ್ಕೆ ಆ ಕಾಲ ಮೀರಿತು.

ಒಂದು ಸಮಾಧಾನದ ಸಂಗತಿಯೂ ಇದೆ. ಫ್ಯುಸೇರಿಯಂಗಳಲ್ಲಿ ಒಂದೊಂದು ಬೆಳೆಗೆ ಅಂಟಿಕೊಂಡ ಬಗೆಗಳಿವೆ. ಆಸ್ಟರ್‌ನದು ಆಸ್ಟರ್ ಅನ್ನೇ ಕಾಡುವಂಥದ್ದು. ಆ ನಾಲ್ಕು ಕುಂಡಗಳ ಮಣ್ಣನ್ನು ಎಸೆಯಬೇಕಾಗಿಲ್ಲ. ಬೇರೆ ಹೂವಿಗೆ ಅದು ಒಳ್ಳೆಯ ಮಣ್ಣೇ.

ಆಸ್ಟರ್‌ಗೆ ಈ ಸಲ ಹೊಸ ಕುಂಡ, ಅಥವಾ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಉಜ್ಜಿ ತೊಳೆದು ಬಿಸಿಲಿಗೆ ಒಣಗಿಸಿದ ಬೇರೆ ಕುಂಡ ತೆಗೆದುಕೊಳ್ಳಿ. ಆಸ್ಟರ್ ಎಂದೂ ಕಾಣದ ಕಡೆಯ ಕೆಂಪು ಮಣ್ಣು ಎರಡು ಪಾಲು, ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ದಪ್ಪ ಮರಳು ಅರ್ಧ ಪಾಲು, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಹತ್ತು ಅಂಗುಲದ ಕುಂಡಕ್ಕೆ ಒಂದೇ ಗಿಡ. ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ ಒಂದು ಅಡಿ. ಕಾಂಪೌಂಡಿನ ಪಕ್ಕದ ಜಾಗ ಕಳೆದ ವರ್ಷ ಒಲಿದಿದೆಯೆಂದು ಮತ್ತೆ ಅಲ್ಲೇ ಊರಬೇಡಿ. ಅಲ್ಲಿಂದ ನಾಲ್ಕು ಹೆಜ್ಜೆ ಆಚೆ ಹೊಸ ಪಾತಿ ಮಾಡಿ. ಹಳೆಯ ಕುಂಡ ಕೆದಕಿದ ಕುರ್ಚಿಗೆಯನ್ನು ತೊಳೆಯದೆ ಹೊಸದಕ್ಕೆ ಹಾಕಬೇಡಿ.

ಗೊಬ್ಬರದ ಪ್ರಶ್ನೆಗೆ ಉತ್ತರ ಇದರಲ್ಲೇ ಬಂದುಹೋಯಿತು. ನಾಟಿಯಾದ ಮೂರು ವಾರಕ್ಕೆ ಬುಡಕ್ಕೆ ಒಂದು ಹಿಡಿ ಎರೆಗೊಬ್ಬರ, ಮೊಗ್ಗು ಕಾಣುವಾಗ ಇನ್ನೊಂದು ಹಿಡಿ. ಯೂರಿಯಾ ಮಾತ್ರ ಬೇಡ. ಎಲೆ ದಷ್ಟಪುಷ್ಟವಾಗಿ ಬೆಳೆದು ಸಸ್ಯಹೇನುಗಳಿಗೆ ಊಟದ ಮನೆಯಾಗುತ್ತದೆ, ಹೂ ತಡವಾಗುತ್ತದೆ. ಹೇನು ಕಂಡರೆ ಬೇವಿನೆಣ್ಣೆಯನ್ನು ಒಂದಿಷ್ಟು ಸೋಪಿನ ನೀರಿನಲ್ಲಿ ಕದಡಿ ಸಂಜೆ ಸಿಂಪಡಿಸಿ. ಹೂವೇ ಹಸಿರಾಗಿ, ಗಿಡ ಹಳದಿ ಪೊರಕೆಯಂತಾದರೆ ಅದು ಜಿಗಿಹುಳು ಹರಡುವ ರೋಗ. ಆ ಗಿಡವನ್ನು ಕಿತ್ತುಹಾಕಿ.

ಕುಡಿ ಚಿವುಟಬೇಕೇ ಎಂದು ನೀವು ಕೇಳಿಲ್ಲ, ಆದರೆ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ನಾಟಿಯಾಗಿ ಮೂರ್ನಾಲ್ಕು ವಾರಕ್ಕೆ ತುದಿ ಚಿವುಟಿದರೆ ಕವಲು ಹೆಚ್ಚುತ್ತದೆ, ಹೂ ಹೆಚ್ಚು ಬರುತ್ತದೆ, ಕೆಲವು ದಿನ ತಡವಾಗಿ ಬರುತ್ತದೆ. ಹಬ್ಬದ ದಿನಕ್ಕೆ ಹೂ ಬೇಕೆಂದು ಲೆಕ್ಕ ಹಾಕಿದವರು ಚಿವುಟದೇ ಇರುವುದು ಕ್ಷೇಮ. ಆಸ್ಟರ್ ತಾನಾಗಿಯೇ ಸಾಕಷ್ಟು ಕವಲೊಡೆಯುತ್ತದೆ.

ಲೆಕ್ಕ ಎಂದರೆ ಹೀಗೆ: ಮಹಾನವಮಿಯಿಂದ ಹಿಂದಕ್ಕೆ ನಾಲ್ಕು ತಿಂಗಳು ಎಣಿಸಿ, ಅದರ ಆಸುಪಾಸಿನಲ್ಲಿ ಬಿತ್ತಿ. ಹಬ್ಬ ಅಕ್ಟೋಬರ್ ಮಧ್ಯಕ್ಕೆ ಬಂದರೆ ಮೃಗಶಿರಾ ಮಳೆಯ ಹೊತ್ತಿಗೆ ಬೀಜ ಟ್ರೇಯಲ್ಲಿರಬೇಕು. ಮೊದಲ ಹೂ ಬಿತ್ತಿದ ಮೂರೂವರೆ ತಿಂಗಳ ಹೊತ್ತಿಗೆ ಅರಳುತ್ತದೆ, ಮೂರು ನಾಲ್ಕು ವಾರ ಒಂದರ ಹಿಂದೊಂದು ಬರುತ್ತಿರುತ್ತದೆ, ಹೀಗಾಗಿ ಕೆಲವು ದಿನ ಆಚೀಚೆಯಾದರೂ ಅಡ್ಡಿಯಿಲ್ಲ. ಜೂನ್‌ನಲ್ಲಿ ಬಿತ್ತುವುದಕ್ಕೆ ಇನ್ನೊಂದು ಕಾರಣವೂ ಉಂಟು. ಹಗಲು ಉದ್ದವಿರುವಾಗ ಆಸ್ಟರ್ ಕಾಂಡ ನೀಳವಾಗಿ ಏಳುತ್ತದೆ. ಹಗಲು ಮೊಟಕಾದಾಗ ಎಳೆಯ ಗಿಡ ನೆಲಕ್ಕೆ ಅಂಟಿದ ಎಲೆಗಳ ಗೊಂಚಲಾಗಿ ಕೂತುಬಿಡುತ್ತದೆ. ನಮ್ಮಲ್ಲಿ ಜೂನ್‌ನ ಹಗಲು ಹದಿಮೂರು ಗಂಟೆಗೆ ಹತ್ತಿರ, ಡಿಸೆಂಬರ್‌ನದು ಹನ್ನೊಂದೂವರೆಯ ಒಳಗೆ. ಅಷ್ಟು ವ್ಯತ್ಯಾಸವೂ ಅದಕ್ಕೆ ಗೊತ್ತಾಗುತ್ತದೆ. ಚಳಿಗಾಲದಲ್ಲಿ ಬೀದಿದೀಪದ ಕೆಳಗಿನ ಆಸ್ಟರ್ ಸಾಲು ಉಳಿದವುಗಳಿಗಿಂತ ಒಂದು ಗೇಣು ಎತ್ತರ ಬೆಳೆದದ್ದನ್ನು ನಾನು ನೋಡಿದ್ದೇನೆ.

ಈ ವರ್ಷ ಹೂ ಬಂದರೆ ಎರಡು ಗಿಡಗಳನ್ನು ಬೀಜಕ್ಕೆಂದು ಬಿಡಿ. ರೋಗದ ಸುಳಿವಿಲ್ಲದ ಗಿಡವೇ ಆಗಬೇಕು, ಏಕೆಂದರೆ ಸೊರಗು ರೋಗ ಬೀಜದ ಜೊತೆಗೂ ಬರುತ್ತದೆ. ಆಸ್ಟರ್ ಹೆಚ್ಚಾಗಿ ಸ್ವಕೀಯ ಪರಾಗಸ್ಪರ್ಶದ ಗಿಡವಾದ್ದರಿಂದ ಪೂರ್ಣಿಮಾದ ಬೀಜದಿಂದ ಬಹುಪಾಲು ಬಿಳಿಯೇ ಬರುತ್ತದೆ. ಪಕ್ಕದಲ್ಲೇ ನೇರಳೆಯದಿದ್ದರೆ ಜೇನುನೊಣ ಒಂದಿಷ್ಟು ಕಲಬೆರಕೆ ಮಾಡೀತು. ಹೂ ಕಂದು ಬಣ್ಣಕ್ಕೆ ತಿರುಗಿ ನಡುವೆ ಬಿಳಿ ನವಿರು ಇಣುಕಿದಾಗ ಕೊಯ್ದು, ನೆರಳಿನಲ್ಲಿ ವಾರ ಒಣಗಿಸಿ, ಉಜ್ಜಿ, ತೂರಿ. ಬಿಗಿ ಮುಚ್ಚಳದ ಸಣ್ಣ ಶೀಶೆಗೆ ತುಂಬಿ ಫ್ರಿಜ್ಜಿನ ಬಾಗಿಲಿನಲ್ಲಿಡಿ. ಮಾತ್ರೆಯ ಡಬ್ಬಿಗಳಲ್ಲಿ ಬರುವ ತೇವ ಹೀರುವ ಪುಟ್ಟ ಚೀಲವನ್ನು ಒಳಗೆ ಹಾಕಿದರೆ ಇನ್ನೂ ಉತ್ತಮ. ತಾರೀಖು ಬರೆದು ಅಂಟಿಸಿ, ಮುಂದಿನ ಜೂನ್‌ಗೆ ಪೂರ್ತಿ ಬಿತ್ತಿಬಿಡಿ, ಅದರ ಮುಂದಿನ ಜೂನ್‌ಗೆಂದು ಉಳಿಸಬೇಡಿ.

ಆ ನಾಲ್ಕು ಹಳೆಯ ಕುಂಡಗಳಿಗೆ ಚೆಂಡು ಹೂ ಹಾಕಿ. ಜುಲೈ ಕೊನೆಯಲ್ಲಿ ಬಿತ್ತಿದರೂ ಸಾಕು, ಆಯುಧಪೂಜೆಗೆ ನಿಮ್ಮ ಸ್ಕೂಟರಿಗೆ ಹಾರವಾಗುವಷ್ಟು ಹೂ ಸಿಗುತ್ತದೆ.